ಬಳಚಿನ ಲೆಕ್ಕದಲ್ಲಿ ಸೊನ್ನೆಗೂ ಬೆಲೆಯಿದೆ

ಓದುಗರ ಪ್ರಶ್ನೆ, ಬಲ್ಲವರ ಉತ್ತರ

ಅಳಿವೆಯ ಚಿಪ್ಪುಜೀವಿಗಳನ್ನು ಎಷ್ಟು ತೆಗೆದರೆ ಮುಂದಿನ ವರ್ಷಕ್ಕೂ ಉಳಿಯುತ್ತವೆ, ಅದನ್ನು ತಿಳಿಯಲು ನೆಲದಡಿ ಎಷ್ಟಿವೆ ಎಂದು ಅಳೆಯುವುದು ಹೇಗೆ ಎಂಬುದು ಈ ಬಾರಿಯ ವಿಷಯ. ಇವನ್ನು ಉತ್ತರ ಕನ್ನಡದವರು ಬಳಚು ಎಂದರೆ ಮಂಗಳೂರಿನ ಕಡೆಯವರು ಮರುವಾಯಿ ಎನ್ನುತ್ತಾರೆ, ಕೊಂಕಣಿಯವರು ಖುಬೆ ಎನ್ನುತ್ತಾರೆ. ಪ್ರತಿ ಸಲವೂ ಎಲ್ಲ ಹೆಸರು ಬರೆಯುವ ಬದಲು ಇಲ್ಲಿ ಬಳಚು ಎಂದೇ ಬಳಸಿದ್ದೇವೆ. ಜಾತಿ ಯಾವುದೆಂಬುದು ಮುಖ್ಯವಾದ ಕಡೆ ಮಾತ್ರ ಶಾಸ್ತ್ರೀಯ ಹೆಸರಿದೆ.

ಅಘನಾಶಿನಿ ಅಳಿವೆಯಲ್ಲಿ ವರ್ಷಕ್ಕೆ 22 ಸಾವಿರ ಟನ್ ಚಿಪ್ಪಿ ಇದೆ ಎಂದು ಓದಿದ್ದೆ. ಅಂಕಿ ಹೇಗೂ ಇದೆಯಲ್ಲ, ಅದರ ಮೇಲೆಯೇ ಮಿತಿ ಹಾಕಿದರೆ ಆಗದೇ? ಮತ್ತೆ ಸರ್ವೆ ಯಾಕೆ?
— ಓದುಗರು, ಕುಮಟಾ

ನೀವು ಓದಿದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು 2008ರಲ್ಲಿ ಕೊಟ್ಟ ಅಂದಾಜು. ವರ್ಷಕ್ಕೆ 22,006 ಟನ್, ಇದನ್ನು ನೇರವಾಗಿ ನೆಚ್ಚಿಕೊಂಡವರು ಸುಮಾರು 2,300 ಜನ ಎಂದು ಅದರಲ್ಲಿದೆ. ಒಂದು ಅಳಿವೆಯ ಬಳಚಿಗೆ ಇಷ್ಟು ಬೆಲೆಯಿದೆ ಎಂದು ತೋರಿಸಿಕೊಟ್ಟ ಒಳ್ಳೆಯ ಕೆಲಸ ಅದು. ಆದರೆ ಅದು ವರ್ಷದ ಉತ್ಪನ್ನದ ಲೆಕ್ಕ. ವರ್ಷವಿಡೀ ಖಾತೆಯಿಂದ ತೆಗೆದ ಹಣದ ಮೊತ್ತ ಬೇರೆ, ಇವತ್ತು ಖಾತೆಯಲ್ಲಿ ಉಳಿದಿರುವ ಹಣ ಬೇರೆ. ಮಿತಿ ಹಾಕಲು ಬೇಕಾದದ್ದು ಎರಡನೆಯದು: ಈ ತಿಂಗಳು ನೆಲದಡಿ ಎಷ್ಟು ಟನ್ ಇದೆ, ಅದರಲ್ಲಿ ತೆಗೆಯುವ ಗಾತ್ರದ್ದೆಷ್ಟು, ಮರಿ ಎಷ್ಟು.

ಇನ್ನೊಂದು ತೊಡಕು, ಆ ಒಟ್ಟು ಮೊತ್ತದಲ್ಲಿ ಹಲವು ಜಾತಿಗಳು ಸೇರಿವೆ. ಅಳಿವೆಬಾಯಿಯ ಹತ್ತಿರ ಉಪ್ಪು ಹೆಚ್ಚಿರುವ ಕಡೆ ಪಾಫಿಯಾ ಮಲಬಾರಿಕಾ, ಸ್ವಲ್ಪ ಒಳಗೆ ಮೆರೆಟ್ರಿಕ್ಸ್, ಸಿಹಿನೀರು ಹೆಚ್ಚು ಬೆರೆಯುವ ಮೇಲ್ಭಾಗದಲ್ಲಿ ಕಪ್ಪುಚಿಪ್ಪಿನ ವಿಲ್ಲೊರಿಟಾ. ಜೋರು ಮಳೆಗಾಲದಲ್ಲಿ ಉಪ್ಪು ವಾರಗಟ್ಟಲೆ ಇಳಿದುಬಿಟ್ಟರೆ ಬಾಯಿಯ ಹತ್ತಿರದ ಜಾತಿ ಸಾಯುತ್ತದೆ, ವಿಲ್ಲೊರಿಟಾಕ್ಕೆ ಏನೂ ಆಗುವುದಿಲ್ಲ. ಎಲ್ಲಕ್ಕೂ ಸೇರಿ ಒಂದೇ ಮಿತಿ ಹಾಕಿದರೆ ಸತ್ತ ಜಾತಿಯ ಪಾಲನ್ನೂ ಬದುಕಿದ್ದರ ಮೇಲೆಯೇ ಹೇರಿದಂತಾಗುತ್ತದೆ. 2024ರಲ್ಲಿ ಅಘನಾಶಿನಿ, ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿದೆ. ಪಟ್ಟಿಗೆ ಸೇರಿದ ಮಾತ್ರಕ್ಕೆ ಬಳಚಿನ ಲೆಕ್ಕ ತಾನಾಗಿ ಸಿಗುವುದಿಲ್ಲವಲ್ಲ.

ನಮ್ಮೂರ ಮೀನುಗಾರರ ಸಂಘದವರೇ ಗಣತಿ ಮಾಡಿಕೊಳ್ಳಬೇಕೆಂದಿದ್ದೇವೆ. ಇಳಿತದಲ್ಲಿ ತೆರೆದುಕೊಳ್ಳುವ ಸುಮಾರು 40 ಹೆಕ್ಟೇರ್ ಮರಳುದಿಣ್ಣೆ ಇದೆ. ಏನೇನು ಸಾಮಾನು ಬೇಕು, ಹೇಗೆ ಮಾಡಬೇಕು?
— ಓದುಗರು, ಹೊನ್ನಾವರ

ಇಳಿತದಲ್ಲಿ ಕಾಲ್ನಡಿಗೆಯಲ್ಲಿ ಹೋಗಬಹುದಾದ ಜಾಗ ಸಿಕ್ಕಿರುವುದು ನಿಮ್ಮ ಅದೃಷ್ಟ. ಚಿಪ್ಪುಜೀವಿಗಳ ಗಣತಿಯಲ್ಲಿ ಇದಕ್ಕಿಂತ ಸುಲಭದ್ದೂ ನಂಬಿಕೆಗೆ ಯೋಗ್ಯವಾದದ್ದೂ ಬೇರೆ ಇಲ್ಲ. ಸಾಮಾನೂ ದೊಡ್ಡದೇನಲ್ಲ. ಕಬ್ಬಿಣದ ಸರಳಿನಿಂದ ಬೆಸುಗೆ ಹಾಕಿಸಿದ 50×50 ಸೆಂಟಿಮೀಟರ್ ಚೌಕಟ್ಟು, ಸಲಿಕೆ, 5 ಮಿಲಿಮೀಟರ್ ಕಣ್ಣಿನ ಜರಡಿ, 2 ಮಿಲಿಮೀಟರ್ ಕಣ್ಣಿನ ಇನ್ನೊಂದು ಜರಡಿ, ವರ್ನಿಯರ್ ಕ್ಯಾಲಿಪರ್, ಒಂದು ಗ್ರಾಂ ತನಕ ತೋರಿಸುವ ತಕ್ಕಡಿ, ನಂಬರ್ ಬರೆದ ಚೀಲಗಳು, ಪೆನ್ಸಿಲ್, ಜಿಪಿಎಸ್ ಇರುವ ಮೊಬೈಲ್. ಪೆನ್ನು ಒಯ್ಯಬೇಡಿ, ಉಪ್ಪುನೀರಿಗೆ ಶಾಯಿ ಹರಡುತ್ತದೆ.

ಮೊದಲ ಕೆಲಸ ನಕ್ಷೆ. ಉಪಗ್ರಹ ಚಿತ್ರದ ಮೇಲೆ ದಿಣ್ಣೆಯ ಗಡಿ ಎಳೆದು, ಅದರ ಮೇಲೆ 50 ಮೀಟರಿಗೊಂದು ಗೆರೆಯ ಚೌಕಳಿ ಹಾಕಿ. ಗೆರೆಗಳು ಕೂಡುವ ಒಂದೊಂದು ಬಿಂದುವೂ ಒಂದು ಅಗೆಯುವ ಜಾಗ. 40 ಹೆಕ್ಟೇರಿಗೆ ಸುಮಾರು 160 ಬಿಂದು ಬರುತ್ತವೆ. ಚೌಕಳಿಯ ಮೊದಲ ಬಿಂದುವನ್ನು ಚೀಟಿ ಎತ್ತಿ ಆರಿಸಿ. ಅನುಕೂಲವಾದ ಕಡೆಯಿಂದ ಶುರುಮಾಡಬೇಡಿ. ಬಿಂದುಗಳನ್ನೆಲ್ಲ ಮೊಬೈಲಿಗೆ ಹಾಕಿಕೊಂಡು, ನಡೆಯುವ ದಾರಿಯನ್ನು ಮನೆಯಲ್ಲೇ ಗುರುತು ಮಾಡಿಕೊಳ್ಳಿ.

ದಿನ ಆರಿಸುವಾಗ ಅಮಾವಾಸ್ಯೆ ಅಥವಾ ಹುಣ್ಣಿಮೆಯ ಆಸುಪಾಸಿನದು ಬೇಕು, ಆಗ ಇಳಿತ ಹೆಚ್ಚು ಆಳಕ್ಕೆ ಹೋಗುತ್ತದೆ. ನಮ್ಮ ಕರಾವಳಿಯಲ್ಲಿ ದಿನದ ಎರಡು ಇಳಿತ ಒಂದೇ ಸಮನಾಗಿರುವುದಿಲ್ಲ, ಹೆಚ್ಚು ಇಳಿಯುವುದು ಹಗಲಿಗೆ ಬೀಳುವ ದಿನ ನೋಡಿ. ಉಬ್ಬರವಿಳಿತದ ಪಟ್ಟಿ ಬಂದರಿನದು. ಅಳಿವೆಯ ಒಳಗೆ ಹೋದಷ್ಟೂ ನೀರು ತಡವಾಗಿ ಇಳಿಯುತ್ತದೆ. ಎಷ್ಟು ತಡ ಎಂಬುದನ್ನು ಹಿಂದಿನ ದಿನವೇ ಒಂದು ಕೋಲು ನೆಟ್ಟು ನೋಡಿಕೊಳ್ಳಿ.

ಬಿಂದುವಿನಲ್ಲಿ ಮಾಡುವ ಕೆಲಸ ಹೀಗೆ. ಮೊಬೈಲ್ ಬಿಂದು ತಲುಪಿದೆ ಎಂದು ತೋರಿಸಿದಲ್ಲಿ ನಿಂತು, ಬಲಗಾಲ ಹೆಬ್ಬೆರಳ ಮುಂದೆ ಚೌಕಟ್ಟಿನ ಮೂಲೆ ಇಡಿ. ಮೊಬೈಲ್ ಜಿಪಿಎಸ್ ನಾಲ್ಕೈದು ಮೀಟರ್ ಆಚೀಚೆ ಆದರೂ ಚಿಂತೆಯಿಲ್ಲ. ಆ ನಾಲ್ಕೈದು ಮೀಟರಿನೊಳಗೆ ಬಳಚಿನ ಗುರುತು ಕಂಡ ಕಡೆ ಚೌಕಟ್ಟು ಸರಿಸುವುದೇ ತಪ್ಪು. ಬಳಚು ತೆಗೆದು ರೂಢಿಯಾದ ಕಣ್ಣಿಗೆ ಮರಳಿನ ಮೇಲಿನ ಸಣ್ಣ ತೂತು ಕಾಣದೆ ಇರುವುದಿಲ್ಲ, ಕೈ ತಾನಾಗಿ ಅತ್ತ ಹೋಗುತ್ತದೆ. ಹೆಬ್ಬೆರಳಿನ ನಿಯಮ ಇರುವುದು ಅದನ್ನು ತಡೆಯಲು.

ಚೌಕಟ್ಟಿನ ಒಳಗೆ 15 ಸೆಂಟಿಮೀಟರ್ ಆಳ ಅಗೆಯಿರಿ. ಸಲಿಕೆಯ ಮೇಲೆ ಬಣ್ಣದಲ್ಲಿ ಗೆರೆ ಹಾಕಿಟ್ಟುಕೊಂಡರೆ ಆಳ ತಪ್ಪುವುದಿಲ್ಲ. ಹೊರಬರುವ ಮಣ್ಣು 37 ಲೀಟರಿಗೂ ಮೇಲೆ, ಒದ್ದೆ ಮರಳಾದರೆ ತೂಕ 70 ಕೆಜಿಯ ಆಸುಪಾಸು. 160 ಬಿಂದುವಿಗೆ ಒಟ್ಟು ಹನ್ನೊಂದು ಟನ್ ಮರಳು ಜರಡಿಗೆ ಬೀಳುತ್ತದೆ ಎಂಬುದನ್ನು ಕೆಲಸಕ್ಕೆ ಬರುವವರಿಗೆ ಮೊದಲೇ ಹೇಳಿ. ಬಳಚು ದಟ್ಟವಾಗಿರುವ ಕಡೆ 32×32 ಸೆಂಟಿಮೀಟರಿನ ಸಣ್ಣ ಚೌಕಟ್ಟೂ ಸಾಕು. ಆದರೆ ಅರ್ಧ ಬಿಂದು ದೊಡ್ಡದರಲ್ಲಿ, ಅರ್ಧ ಸಣ್ಣದರಲ್ಲಿ ಅಗೆದು ಗ್ರಾಂಗಳನ್ನು ಒಟ್ಟಿಗೆ ಕೂಡಿಸಿದರೆ ಲೆಕ್ಕ ಹಾಳು.

ಗೆರೆಯ ಮೇಲೆಯೇ ಸಿಕ್ಕಿದ ಬಳಚನ್ನು ಏನು ಮಾಡುವುದು? ಚೌಕಟ್ಟಿನ ಎಡ ಮತ್ತು ಮೇಲಿನ ಅಂಚಿನವನ್ನು ಸೇರಿಸಿ, ಬಲ ಮತ್ತು ಕೆಳಗಿನ ಅಂಚಿನವನ್ನು ಬಿಡಿ. ನಾಲ್ಕೂ ಅಂಚಿನವನ್ನು ಸೇರಿಸುವುದು ಎಲ್ಲರೂ ಮಾಡುವ ತಪ್ಪು, ಚೌಕಟ್ಟು ಸಣ್ಣದಾದಷ್ಟೂ ಅದರ ಪೆಟ್ಟು ದೊಡ್ಡದು. ಮಣ್ಣನ್ನು ಹತ್ತಿರದ ನೀರಿನಲ್ಲಿ 5 ಮಿಲಿಮೀಟರ್ ಜರಡಿಯಲ್ಲಿ ಸೋಸಿ. ಪ್ರತಿ ಐದನೆಯ ಬಿಂದುವಿನಲ್ಲಿ ಮಾತ್ರ 2 ಮಿಲಿಮೀಟರ್ ಜರಡಿ ಬಳಸಿ, ಮರಿಗಳ ಅಂದಾಜಿಗೆ ಅಷ್ಟು ಸಾಕು. ಎಲ್ಲ ಕಡೆ ಸಣ್ಣ ಜರಡಿ ಹಿಡಿದು ಕುಳಿತರೆ ನೀರು ಏರುವ ಹೊತ್ತಿಗೆ ಹತ್ತು ಬಿಂದುವೂ ಮುಗಿದಿರುವುದಿಲ್ಲ.

ಮೂರು ಜನರ ಒಂದು ತಂಡಕ್ಕೆ ಬಿಂದುವೊಂದಕ್ಕೆ 12ರಿಂದ 15 ನಿಮಿಷ ಹಿಡಿಯುತ್ತದೆ. ಮೂರು ಗಂಟೆಯ ಇಳಿತದಲ್ಲಿ ಹನ್ನೆರಡೋ ಹದಿನಾಲ್ಕೋ ಬಿಂದು. ನಾಲ್ಕು ತಂಡ ಇದ್ದರೆ ನಾಲ್ಕು ದಿನದ ಕೆಲಸ. ಕೊನೆಯ ಬಿಂದುವನ್ನು ದಡದ ಕಡೆಗೇ ಇಟ್ಟುಕೊಳ್ಳಿ. ಏರುವ ನೀರು ಮೊದಲು ಹಿಂದಿನ ತೋಡನ್ನು ತುಂಬಿ ದಾರಿ ಕಟ್ಟುತ್ತದೆ, ಎದುರಿನ ದಿಣ್ಣೆ ಆಗಲೂ ಒಣಗಿಯೇ ಕಾಣುತ್ತಿರುತ್ತದೆ.

ಬಳಚು ಸಿಗದ ಬಿಂದುಗಳನ್ನು ಪುಸ್ತಕದಲ್ಲಿ ಬರೆಯಬೇಕೇ? ಕಲ್ಲಿನ ಮೇಲೋ ತೋಡಿನ ನೀರಿನಲ್ಲೋ ಬಿಂದು ಬಿದ್ದರೆ?
— ಓದುಗರು, ಅಂಕೋಲಾ

ಬರೆಯಲೇಬೇಕು. ಗಣತಿಗಳು ಹಾಳಾಗುವುದು ಬಹುಪಾಲು ಈ ಒಂದು ವಿಷಯದಲ್ಲೇ. ಅಗೆದೆವು, ಏನೂ ಸಿಗಲಿಲ್ಲ ಎಂದರೆ ಅದು ಸೊನ್ನೆ, ಲೆಕ್ಕಕ್ಕೆ ಸೇರಬೇಕು. ಕಲ್ಲು, ನೀರು, ಬಲೆ ಕಟ್ಟಿದ ಜಾಗ ಎಂದು ಅಗೆಯಲಾಗಲೇ ಇಲ್ಲ ಎಂದರೆ ಅದು ಸೊನ್ನೆಯಲ್ಲ. ಅಲ್ಲಿ ಗೆರೆ ಎಳೆದು ಕಾರಣ ಬರೆಯಿರಿ, ಅಷ್ಟು ಜಾಗವನ್ನು ಒಟ್ಟು ಹೆಕ್ಟೇರಿನಿಂದ ಕಳೆಯಿರಿ. ಪಕ್ಕಕ್ಕೆ ಸರಿದು ಅಗೆಯಬೇಡಿ.

ಸೊನ್ನೆ ಬಿಟ್ಟರೆ ಏನಾಗುತ್ತದೆ ಎಂದು ಲೆಕ್ಕ ಹಾಕಿಯೇ ನೋಡೋಣ. 40 ಹೆಕ್ಟೇರಿನಲ್ಲಿ 10 ಹೆಕ್ಟೇರ್ ಒಳ್ಳೆಯ ಜಾಗ, ಚದರ ಮೀಟರಿಗೆ 1.2 ಕೆಜಿ ಬಳಚು. ಉಳಿದ 30 ಹೆಕ್ಟೇರಿನಲ್ಲಿ ಚದರ ಮೀಟರಿಗೆ 100 ಗ್ರಾಂ ಅಷ್ಟೆ. ನಿಜವಾದ ಒಟ್ಟು 120 ಮತ್ತು 30, ಅಂದರೆ 150 ಟನ್. ಒಳ್ಳೆಯ ಜಾಗದಲ್ಲಿ ಮಾತ್ರ ಅಗೆದು, ಆ ಸರಾಸರಿಯನ್ನು 40 ಹೆಕ್ಟೇರಿಗೂ ಹಚ್ಚಿದರೆ ಬರುವುದು 480 ಟನ್. ಅದರ ಮೂರನೇ ಒಂದು ಪಾಲು ತೆಗೆಯಬಹುದು ಎಂದು ಮಿತಿ ಹಾಕಿದಿರೆಂದರೆ 160 ಟನ್. ಇರುವುದೇ 150!

160 ಬಿಂದು ಯಾಕೆ ಬೇಕು, 30 ಸಾಲದೇ? ಸಿಕ್ಕ ಅಂಕಿಗಳಿಂದ ಒಟ್ಟು ಎಷ್ಟು ಟನ್ ಎಂದು ತಿಳಿಯುವುದು ಹೇಗೆ?
— ಓದುಗರು, ಕಾರವಾರ

ಬಳಚು ಸಮವಾಗಿ ಹರಡಿಕೊಳ್ಳುವ ಜೀವಿಯಲ್ಲ, ಗುಂಪುಗುಂಪಾಗಿರುತ್ತದೆ. ಒಂದು ಚೌಕಟ್ಟಿನಲ್ಲಿ ಸೊನ್ನೆ, ಹತ್ತು ಹೆಜ್ಜೆ ಆಚೆ ಅರ್ಧ ಕೆಜಿ. ಅಂಕಿಗಳ ಈ ಏರುಪೇರನ್ನು ಮಾನಕ ವಿಚಲನೆಯಿಂದ ಅಳೆಯುತ್ತಾರೆ. ಬಳಚಿನಲ್ಲಿ ಅದು ಸರಾಸರಿಗೆ ಸಮ ಇರುವುದು, ಕೆಲವೊಮ್ಮೆ ಅದನ್ನೂ ಮೀರುವುದು ಸಾಮಾನ್ಯ. ವಿಚಲನೆ ಸರಾಸರಿಯ 1.2 ಪಟ್ಟು ಎಂದಿಟ್ಟುಕೊಳ್ಳಿ. ಒಟ್ಟು ಅಂದಾಜು ಶೇ 20ರ ಆಚೀಚೆಯೊಳಗೆ ಇರಬೇಕಾದರೆ 2ನ್ನು 1.2ರಿಂದ ಗುಣಿಸಿ, 0.2ರಿಂದ ಭಾಗಿಸಿ, ಬಂದದ್ದನ್ನು ವರ್ಗ ಮಾಡಿ: 144 ಬಿಂದು. ಶೇ 30 ಆಚೀಚೆ ಆದರೂ ನಡೆಯುತ್ತದೆ ಎಂದರೆ 64 ಸಾಕು. 30 ಬಿಂದುವಿಗೆ ಶೇ 44ರಷ್ಟು ಅನಿಶ್ಚಿತತೆ ಉಳಿಯುತ್ತದೆ. ಅಂಥ ಅಂಕಿಯನ್ನಿಟ್ಟುಕೊಂಡು ಊರವರ ನಡುವೆ ಜಗಳ ಬಿಡಿಸಲಾಗದು.

ಒಟ್ಟು ತೂಕದ ಲೆಕ್ಕ ಕಷ್ಟವಿಲ್ಲ. ಉದಾಹರಣೆಗೆ 160 ಚೌಕಟ್ಟುಗಳ ಸರಾಸರಿ, ತೆಗೆಯುವ ಗಾತ್ರದ ಬಳಚು ಮಾತ್ರ, 95 ಗ್ರಾಂ ಬಂತು ಎನ್ನಿ. ಚೌಕಟ್ಟು ಕಾಲು ಚದರ ಮೀಟರ್ ಆದ್ದರಿಂದ ಚದರ ಮೀಟರಿಗೆ 380 ಗ್ರಾಂ. 40 ಹೆಕ್ಟೇರ್ ಎಂದರೆ 4 ಲಕ್ಷ ಚದರ ಮೀಟರ್, ಒಟ್ಟು 152 ಟನ್. ಮಾನಕ ವಿಚಲನೆ 114 ಗ್ರಾಂ ಇದ್ದರೆ ಅದನ್ನು 160ರ ವರ್ಗಮೂಲ 12.65ರಿಂದ ಭಾಗಿಸಿ: 9 ಗ್ರಾಂ. ಅದರ ಎರಡರಷ್ಟು ಸುಮಾರು 18 ಗ್ರಾಂ, ಅಂದರೆ ಸರಾಸರಿಯ ಶೇ 19. ಹಾಗಾಗಿ ದಾಸ್ತಾನು 123ರಿಂದ 181 ಟನ್ ನಡುವೆ ಎಲ್ಲೋ ಇದೆ. ಮಿತಿ ಹಾಕುವಾಗ 152 ಹಿಡಿಯಬೇಡಿ, 123 ಹಿಡಿಯಿರಿ.

ಅನುಭವಿ ಮೀನುಗಾರರಿಂದ ಮೊದಲೇ ಒಂದು ನಕ್ಷೆ ಬರೆಸಿಕೊಂಡು ದಟ್ಟ ಜಾಗ, ವಿರಳ ಜಾಗ ಎಂದು ಎರಡು ಭಾಗ ಮಾಡಿಕೊಂಡರೆ ಅದೇ 160 ಬಿಂದುವಿಗೆ ಇನ್ನೂ ಬಿಗಿಯಾದ ಉತ್ತರ ಸಿಗುತ್ತದೆ. ದಟ್ಟ ಭಾಗದಲ್ಲಿ ಚೌಕಳಿ ಹತ್ತಿರಹತ್ತಿರ, ವಿರಳ ಭಾಗದಲ್ಲಿ ದೂರದೂರ. ಹೀಗೆ ಮಾಡಿದಾಗ ಎರಡೂ ಭಾಗದ ಒಟ್ಟನ್ನು ಬೇರೆಬೇರೆ ಲೆಕ್ಕ ಮಾಡಿ ಕೊನೆಗೆ ಕೂಡಿಸಬೇಕು. ಎಲ್ಲ ಚೌಕಟ್ಟುಗಳನ್ನೂ ಒಂದೇ ರಾಶಿ ಹಾಕಿ ಸರಾಸರಿ ತೆಗೆದರೆ, ಹಿಂದಿನ ಉತ್ತರದ 480 ಟನ್ನಿನ ತಪ್ಪೇ ಸ್ವಲ್ಪ ಮರೆಮಾಚಿಕೊಂಡು ಮತ್ತೆ ಬರುತ್ತದೆ.

ತೂಕದಲ್ಲೇ ಹೊಂದಾಣಿಕೆ ಆಗುತ್ತಿಲ್ಲ. ಅದೇ ಚೀಲವನ್ನು ಬೆಳಿಗ್ಗೆ ತೂಗಿದಾಗ ಒಂದು, ಸಂಜೆ ತೂಗಿದಾಗ ಇನ್ನೊಂದು. ಏನು ಮಾಡುವುದು?
— ಓದುಗರು, ಭಟ್ಕಳ

ಬಾಯಿ ಮುಚ್ಚಿದ ಬಳಚಿನೊಳಗೆ ನೀರಿರುತ್ತದೆ. ಬಿಸಿಲಿಗಿಟ್ಟರೆ ಮೆಲ್ಲಗೆ ಬಾಯಿ ಬಿಟ್ಟು ನೀರು ಸುರಿಯುತ್ತದೆ, ತೂಕ ಇಳಿಯುತ್ತದೆ. ತೊಳೆದು, ಜರಡಿಯ ಮೇಲೆ ಐದು ನಿಮಿಷ ನೀರು ಬಸಿದು, ಅಂದೇ ಅಲ್ಲೇ ನೆರಳಿನಲ್ಲಿ ತೂಗಿ. ಎಲ್ಲ ತಂಡಗಳೂ ಐದು ನಿಮಿಷವನ್ನೇ ಪಾಲಿಸಲಿ. ಮೊದಲು ಸತ್ತವನ್ನು ಬೇರ್ಪಡಿಸಿ. ಎರಡೂ ಚಿಪ್ಪು ಕೂಡಿಕೊಂಡಿದ್ದು ಒಳಗೆ ಬರೀ ಕೆಸರು ತುಂಬಿರುವವು ತೂಕವನ್ನು ಚೆನ್ನಾಗಿಯೇ ಕೆಡಿಸುತ್ತವೆ. ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ಚಿಪ್ಪುಗಳನ್ನು ಅಡ್ಡಕ್ಕೆ ಜಾರಿಸಿ ನೋಡಿ. ಬದುಕಿದ್ದು ಕದಲುವುದಿಲ್ಲ, ಕೆಸರಿನದು ಜಾರುತ್ತದೆ. ಸತ್ತವನ್ನು ಎಸೆಯುವ ಮುನ್ನ ಎಣಿಸಿ ಬೇರೆ ಕಾಲಮ್ಮಿನಲ್ಲಿ ಬರೆಯಿರಿ. ಜೋಡಿಚಿಪ್ಪು ಒಮ್ಮೆಲೇ ಹೆಚ್ಚಾಗಿ ಕಂಡರೆ ಇತ್ತೀಚೆಗೆ ಅಲ್ಲಿ ಸಾವು ಆಗಿದೆ ಎಂದರ್ಥ.

ಉದ್ದ ಅಳೆಯುವಾಗ ದೊಡ್ಡದನ್ನೇ ಆರಿಸಿ ಅಳೆಯುವುದು ಮನುಷ್ಯ ಸ್ವಭಾವ. ಒಂದು ಚೀಲದಲ್ಲಿ 200ಕ್ಕಿಂತ ಹೆಚ್ಚಿದ್ದರೆ ತಟ್ಟೆಗೆ ಸುರಿದು ನಾಲ್ಕು ಪಾಲು ಮಾಡಿ, ಒಂದು ಪಾಲನ್ನು ಪೂರ್ತಿ ಅಳೆಯಿರಿ.

ಮೂವತ್ತು ವರ್ಷದಿಂದ ದಿನಕ್ಕೆ 25 ಕೆಜಿ ತೆಗೆಯುತ್ತಿದ್ದೇವೆ, ಈಗಲೂ ಅಷ್ಟೇ ಸಿಗುತ್ತದೆ. ಕಡಿಮೆಯಾಗಿದೆ ಎಂದು ಹೇಳುವವರ ಮಾತನ್ನು ನಂಬುವುದು ಹೇಗೆ?
— ಓದುಗರು, ಮೂಲ್ಕಿ

ನಿಮ್ಮ 25 ಕೆಜಿಯ ಲೆಕ್ಕ ಸರಿಯೇ ಇರಬಹುದು, ಆದರೂ ದಾಸ್ತಾನು ಅರ್ಧಕ್ಕಿಂತ ಕೆಳಗೆ ಇಳಿದಿರಬಹುದು. ಮೇಲಿನ ಉದಾಹರಣೆಯ 10 ಹೆಕ್ಟೇರ್ ದಟ್ಟ ಜಾಗದಲ್ಲಿ 7 ಹೆಕ್ಟೇರ್ ಬರಿದಾಯಿತು ಎನ್ನಿ. ಉಳಿದ 3 ಹೆಕ್ಟೇರಿನಲ್ಲಿ ಚದರ ಮೀಟರಿಗೆ ಈಗಲೂ 1.2 ಕೆಜಿಯೇ ಇದೆ. ಬರಿದಾದ ಕಡೆ ಯಾರೂ ಹೋಗುವುದಿಲ್ಲ, ಎಲ್ಲರೂ ಇರುವ ಕಡೆಗೇ ದೋಣಿ ತಿರುಗಿಸುತ್ತಾರೆ. ಬುಟ್ಟಿ ಮೊದಲಿನಷ್ಟೇ ಹೊತ್ತಿಗೆ ತುಂಬುತ್ತದೆ. ಕೊನೆಯ ದಟ್ಟ ತುಂಡೂ ಮುಗಿದ ವರ್ಷ ಮಾತ್ರ ಬುಟ್ಟಿ ದಿಢೀರನೆ ಖಾಲಿ.

ದಿನದ ಬುಟ್ಟಿಯ ಲೆಕ್ಕ ಬರೆದಿಡುವುದು ಬೇಡವೆಂದಲ್ಲ. ಅದರ ಜೊತೆ ಎಲ್ಲಿಂದ ತೆಗೆದದ್ದು, ದಡದಿಂದ ಎಷ್ಟು ದೂರ, ಎಷ್ಟು ಗಂಟೆ ಎಂಬುದನ್ನೂ ಬರೆಯಿರಿ. ಹೋಗುವ ದೂರ ಹೆಚ್ಚುತ್ತಿದ್ದರೆ, ಚಿಪ್ಪಿನ ಸರಾಸರಿ ಉದ್ದ ಇಳಿಯುತ್ತಿದ್ದರೆ, 25 ಕೆಜಿ ಹಾಗೇ ಇದ್ದರೂ ಅದು ಎಚ್ಚರಿಕೆಯ ಗಂಟೆಯೇ.

ಕೇರಳದ ಅಷ್ಟಮುಡಿಯಲ್ಲಿ ಬಳಚಿಗೆ ಅಂತರರಾಷ್ಟ್ರೀಯ ಮನ್ನಣೆ ಸಿಕ್ಕಿದೆಯಂತೆ. ಅಲ್ಲಿ ಏನು ಮಾಡಿದರು? ಸಣ್ಣದನ್ನು ತೆಗೆಯಬಾರದು ಎಂಬ ಒಂದೇ ನಿಯಮ ನಮಗೆ ಸಾಲದೇ?
— ಓದುಗರು, ಮಂಗಳೂರು

ಕೊಲ್ಲಂ ಜಿಲ್ಲೆಯ ಅಷ್ಟಮುಡಿ ಅಳಿವೆಯಲ್ಲಿ ಮುಖ್ಯವಾಗಿ ತೆಗೆಯುವುದು ಪಾಫಿಯಾ ಮಲಬಾರಿಕಾ. ಥಾಯ್ಲೆಂಡ್, ವಿಯೆಟ್ನಾಂ, ಮಲೇಷ್ಯಾಗಳ ಬೇಡಿಕೆಯಿಂದ 1980ರ ದಶಕದಲ್ಲಿ ಅಲ್ಲಿ ತೆಗೆಯುವ ಪ್ರಮಾಣ ಏರುತ್ತ ಹೋಗಿ 1991ರಲ್ಲಿ ವರ್ಷಕ್ಕೆ 10,000 ಟನ್ ಮುಟ್ಟಿತು. 1993ರ ಹೊತ್ತಿಗೆ ಅರ್ಧಕ್ಕೆ ಕುಸಿಯಿತು. ಆಮೇಲೆ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯವರ ಸಲಹೆಯಂತೆ ಬಂದ ನಿಯಮಗಳು ನಾಲ್ಕು: ಡಿಸೆಂಬರಿನಿಂದ ಫೆಬ್ರುವರಿವರೆಗೆ ರಜೆ, ಬಲೆಯ ಕಣ್ಣು 30 ಮಿಲಿಮೀಟರಿಗಿಂತ ಕಡಿಮೆ ಇರಬಾರದು, ಯಂತ್ರದಿಂದ ತೆಗೆಯುವಂತಿಲ್ಲ, ರಫ್ತಿನ ಒಂದು ಕಿಲೋ ಮಾಂಸದಲ್ಲಿ 1,400ಕ್ಕಿಂತ ಹೆಚ್ಚು ಬಳಚು ಇರಬಾರದು. ಕೊನೆಯ ನಿಯಮ ಜಾಣತನದ್ದು. ಒಂದೊಂದರ ಮಾಂಸ 0.7 ಗ್ರಾಂ ಆದರೂ ಇರಬೇಕು ಎಂದಾಯಿತು. ನೀರಿನಲ್ಲಿ ನಿಂತವರನ್ನು ಒಬ್ಬೊಬ್ಬರಾಗಿ ಕಾಯುವ ಬದಲು ಕೊಳ್ಳುವವನ ಮೇಜಿನ ಮೇಲೆ ಒಂದು ಕಿಲೋ ಎಣಿಸಿದರೆ ಮುಗಿಯಿತು. 2014ರ ನವೆಂಬರಿನಲ್ಲಿ, ಅಳಿಯದಂತೆ ನಡೆಸುವ ಮೀನುಗಾರಿಕೆಗೆ ಮನ್ನಣೆ ಕೊಡುವ ಅಂತರರಾಷ್ಟ್ರೀಯ ಸಂಸ್ಥೆಯಾದ ಮೆರೈನ್ ಸ್ಟೀವರ್ಡ್‌ಶಿಪ್ ಕೌನ್ಸಿಲ್‌ನ ಪ್ರಮಾಣಪತ್ರ ಸಿಕ್ಕಿತು, ಭಾರತದಲ್ಲಿ ಅದೇ ಮೊದಲನೆಯದು.

ಗಾತ್ರದ ನಿಯಮ ಬೇಕು, ಆದರೆ ಅದೊಂದೇ ಸಾಲದು. ಅದು ಸಣ್ಣದನ್ನು ಉಳಿಸುತ್ತದೆ, ದೊಡ್ಡದೆಲ್ಲ ಒಂದೇ ಹಂಗಾಮಿನಲ್ಲಿ ಖಾಲಿಯಾಗುವುದನ್ನು ತಡೆಯುವುದಿಲ್ಲ. ಮರಿ ಕೂರದ ವರ್ಷಗಳೂ ಇರುತ್ತವೆ. ಆ ವರ್ಷ ದೊಡ್ಡವೂ ಇಲ್ಲವೆಂದರೆ ಮೊಟ್ಟೆ ಬಿಡುವವರಾರು? ಗಂಡು ಹೆಣ್ಣು ಎರಡೂ ನೀರಿಗೇ ಬೀಜ ಬಿಡುವ ಜೀವಿಗಳಿವು, ಹತ್ತಿರಹತ್ತಿರ ಇದ್ದರೆ ಮಾತ್ರ ಗರ್ಭ ಕಟ್ಟುತ್ತದೆ. ವಿರಳವಾಗಿ ಅಲ್ಲೊಂದು ಇಲ್ಲೊಂದು ಉಳಿಸಿದ್ದು ಲೆಕ್ಕಕ್ಕುಂಟು, ಆಟಕ್ಕಿಲ್ಲ.

ಬಲೆಕಣ್ಣಿನ ಬಗ್ಗೆ ಒಂದು ಎಚ್ಚರ. ಚಿಪ್ಪು ಕಣ್ಣಿನಿಂದ ಜಾರುವುದು ಅದರ ಎತ್ತರ ಮತ್ತು ದಪ್ಪದ ಮೇಲೆ, ನಾವು ಕ್ಯಾಲಿಪರಿನಲ್ಲಿ ಅಳೆಯುವುದು ಉದ್ದ. ನಿಮ್ಮ ಅಳಿವೆಯ ನೂರು ಬಳಚನ್ನು ಮೂರೂ ಕಡೆ ಅಳೆದು, ಇಷ್ಟು ಉದ್ದದ್ದು ಎಷ್ಟು ಕಣ್ಣಿನಲ್ಲಿ ಜಾರುತ್ತದೆ ಎಂದು ನೋಡಿದ ಮೇಲೆಯೇ ಬಲೆ ಹೊಲಿಸಿ. ಬೇರೆ ಜಾತಿಯ ಅಳತೆ ಎರವಲು ತಂದರೆ ಒಂದೋ ಎಲ್ಲವೂ ಜಾರುತ್ತವೆ, ಇಲ್ಲವೇ ಯಾವುದೂ ಜಾರುವುದಿಲ್ಲ.

ಅಳಿವೆಯ ನಡುವಿನ ಆಳದ ಜಾಗ ಇಳಿತದಲ್ಲೂ ತೆರೆದುಕೊಳ್ಳುವುದಿಲ್ಲ. ಅಲ್ಲಿ ಗೋರುಬಲೆ ಎಳೆದು ಲೆಕ್ಕ ಹಾಕಬಹುದೇ?
— ಓದುಗರು, ಕುಂದಾಪುರ

ಹಾಕಬಹುದು, ಆದರೆ ಗೋರುಬಲೆಗೆ ಸಿಕ್ಕಿದ್ದೇ ನೆಲದಲ್ಲಿದ್ದದ್ದು ಎಂದುಕೊಳ್ಳಬೇಡಿ. ಕಬ್ಬಿಣದ ಹಲ್ಲಿನ ಬಾಯಿ 60 ಸೆಂಟಿಮೀಟರ್, ಎಳೆದದ್ದು 20 ಮೀಟರ್ ಎಂದರೆ ಗೋರಿದ ಜಾಗ 12 ಚದರ ಮೀಟರ್. 3.6 ಕೆಜಿ ಬಂದರೆ ಮೇಲ್ನೋಟಕ್ಕೆ ಚದರ ಮೀಟರಿಗೆ 300 ಗ್ರಾಂ. ಅದೇ ಜಾಗದಲ್ಲಿ ಮುಳುಗುವವರಿಂದ ಚೌಕಟ್ಟು ಇಡಿಸಿ ಕೈಯಿಂದ ಪೂರ್ತಿ ತೆಗೆಸಿದಾಗ 750 ಗ್ರಾಂ ಬಂತು ಎಂದರೆ ನಿಮ್ಮ ಗೋರು ಹಿಡಿಯುವುದು ಶೇ 40 ಮಾತ್ರ. ಈ ಹೋಲಿಕೆಯನ್ನು ಹತ್ತಾರು ಕಡೆ, ಕೆಸರಿನಲ್ಲೂ ಮರಳಿನಲ್ಲೂ ಬೇರೆಬೇರೆ ಮಾಡಬೇಕು. ಗಟ್ಟಿ ಮರಳಿನ ಮೇಲೆ ಹಲ್ಲು ಜಾರುತ್ತದೆ. ಮೆತ್ತನೆ ಕೆಸರಿನಲ್ಲಿ ಮೊದಲ ಐದು ಮೀಟರಿನಲ್ಲೇ ಚೀಲ ತುಂಬಿ, ಆಮೇಲೆ ಗೋರು ಮಣ್ಣನ್ನು ತಳ್ಳಿಕೊಂಡು ಹೋಗುತ್ತದಷ್ಟೆ. ಹಾಗಾಗಿ ಉದ್ದ ಎಳೆತಕ್ಕಿಂತ ಗಿಡ್ಡ ಎಳೆತ ಒಳ್ಳೆಯದು. ಎಳೆದ ದೂರವನ್ನು ಅಂದಾಜಿನಲ್ಲಿ ಹೇಳದೆ ಶುರು ಮತ್ತು ಕೊನೆಯ ಜಿಪಿಎಸ್ ಗುರುತಿನಿಂದ ತೆಗೆಯಿರಿ. ಗಣತಿಯ ಗೋರಿಗೆ ಒಳಗಡೆ ಸಣ್ಣ ಕಣ್ಣಿನ ಬಲೆ ಹೊಲಿಸದಿದ್ದರೆ ಮರಿಗಳೆಲ್ಲ ಜಾರಿ, ಮರಿಯೇ ಇಲ್ಲ ಎಂಬ ತಪ್ಪು ತೀರ್ಮಾನಕ್ಕೆ ಬರುತ್ತೀರಿ.

ನಾನಿರುವ ಮ್ಯಾಸಚೂಸೆಟ್ಸ್‌ನಲ್ಲಿ ಸಮುದ್ರತಳದ ಸ್ಕ್ಯಾಲಪ್‌ಗಳನ್ನು ಕ್ಯಾಮೆರಾದಿಂದ ಎಣಿಸುತ್ತಾರೆ. ನಮ್ಮೂರ ಬಳಚಿಗೂ ಡ್ರೋನ್, ಕ್ಯಾಮೆರಾ ಬಳಸಿ ಈ ಅಗೆತದ ಕಷ್ಟ ತಪ್ಪಿಸಬಾರದೇ?
— ಓದುಗರು, ಬಾಸ್ಟನ್ ಸಮೀಪ, ಅಮೆರಿಕ

ಸ್ಕ್ಯಾಲಪ್ ಕೂಡ ಚಿಪ್ಪುಜೀವಿಯೇ, ಆದರೆ ಅದು ನೆಲದ ಮೇಲೆ ಮಲಗಿರುತ್ತದೆ, ಬಳಚು ನೆಲದೊಳಗೆ ಹುದುಗಿರುತ್ತದೆ. ಎಷ್ಟು ಒಳ್ಳೆಯ ಕ್ಯಾಮೆರಾ ಆದರೂ ಮರಳಿನ ಕೆಳಗಿನದು ಕಾಣುವುದಿಲ್ಲ. ನಮ್ಮ ಅಳಿವೆಯ ನೀರೂ ಕಲಕಿದ ನೀರು.

ಆದರೆ ಅಲ್ಲಿಂದ ಕಲಿಯುವುದು ಬಹಳ ಇದೆ. 1994ರ ಡಿಸೆಂಬರಿನಲ್ಲಿ ಮ್ಯಾಸಚೂಸೆಟ್ಸ್ ಆಚೆಯ ಕಡಲಿನ ಮೀನುಗಾರಿಕೆಯ ದಿಬ್ಬವಾದ ಜಾರ್ಜಸ್ ಬ್ಯಾಂಕಿನ ದೊಡ್ಡ ಪ್ರದೇಶಗಳನ್ನು ಮುಚ್ಚಿದ್ದು ಕಾಡ್‌ನಂಥ ಮೀನುಗಳನ್ನು ಉಳಿಸಲೆಂದು. ಅದರಿಂದ ಚೇತರಿಸಿಕೊಂಡದ್ದು ಸ್ಕ್ಯಾಲಪ್. ಒಳಗೆ ಎಷ್ಟು ಬೆಳೆದಿದೆ ಎಂದು ತಿಳಿಯದೆ ಮತ್ತೆ ತೆರೆಯುವಂತಿರಲಿಲ್ಲ. 1999ರಿಂದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಡಾರ್ಟ್‌ಮತ್ ಕೇಂದ್ರದವರು ಮೀನುಗಾರರ ದೋಣಿಗಳಿಂದಲೇ ಉಕ್ಕಿನ ಗೋಪುರಕ್ಕೆ ಕ್ಯಾಮೆರಾ ಕಟ್ಟಿ ತಳಕ್ಕಿಳಿಸಿ ಎಣಿಸತೊಡಗಿದರು. ಹ್ಯಾಬ್‌ಕ್ಯಾಮ್ ಎಂಬ, ಹಡಗಿನ ಹಿಂದೆ ಎಳೆದುಕೊಂಡು ಹೋಗುತ್ತ ಸಾಲಾಗಿ ಫೋಟೋ ತೆಗೆಯುವ ಸಾಧನವೂ ಬಂತು. ಸರ್ಕಾರದ ಎಂಟು ಅಡಿ ಅಗಲದ ಗೋರುಬಲೆಯ ಗಣತಿ ಅದಕ್ಕೂ ಹಿಂದಿನಿಂದ ಇತ್ತು. ಫೋಟೋ ಮತ್ತು ಗೋರು ಎರಡನ್ನೂ ಒಂದೇ ಜಾಗದಲ್ಲಿ ಹೋಲಿಸಿದಾಗ ಮರಳುನೆಲದಲ್ಲಿ ಗೋರು ಹಿಡಿಯುವುದು ಸುಮಾರು ಶೇ 40, ಕಲ್ಲುನೆಲದಲ್ಲಿ ಇನ್ನೂ ಕಡಿಮೆ ಎಂದು ಗೊತ್ತಾಯಿತು. ಈಗ ಮರಿ ಹೆಚ್ಚು ಕಂಡ ಪ್ರದೇಶವನ್ನು ಕೆಲ ವರ್ಷ ಮುಚ್ಚಿ, ಬೆಳೆದ ಮೇಲೆ ತೆರೆಯುತ್ತಾರೆ. ಸರದಿಯ ಈ ಪದ್ಧತಿ ನಮ್ಮ ದಿಣ್ಣೆಗಳಿಗೂ ಹೊಂದುತ್ತದೆ. ನಿಮ್ಮ ಡ್ರೋನಿಗೂ ಕೆಲಸವಿದೆ: ಇಳಿತದಲ್ಲಿ ದಿಣ್ಣೆಯ ಗಡಿಯನ್ನು ಸರಿಯಾಗಿ ಗುರುತಿಸಲು. ಮಳೆಗಾಲ ಕಳೆದಾಗ 40 ಹೆಕ್ಟೇರ್ 33 ಆಗಿರಬಹುದು. ಹಳೆಯ ನಕ್ಷೆಯಿಂದಲೇ ಗುಣಿಸಿದರೆ ನೀರುಪಾಲಾದ ಮರಳಿನಲ್ಲೂ ಬಳಚು ಎಣಿಸಿದ ಹಾಗೆ.

ವರ್ಷಕ್ಕೆ ಎಷ್ಟು ಸಲ, ಯಾವ ತಿಂಗಳು? ಚಿಪ್ಪಿನ ಗೆರೆ ನೋಡಿ ವಯಸ್ಸು ಹೇಳಬಹುದೇ?
— ಓದುಗರು, ಉಡುಪಿ

ಎರಡು ಸಲ ಸಾಕು. ಮಳೆ ನಿಂತು ನೀರು ತಿಳಿಯಾದ ಮೇಲೆ ಅಕ್ಟೋಬರ್–ನವೆಂಬರಿನಲ್ಲಿ ಒಂದು, ಇದರ ಮೇಲೆ ಆ ಹಂಗಾಮಿನ ಮಿತಿ. ಏಪ್ರಿಲ್–ಮೇನಲ್ಲಿ ಇನ್ನೊಂದು, ಇದರಿಂದ ಉಳಿದದ್ದೆಷ್ಟು, ಹೊಸ ಮರಿ ಎಷ್ಟು ಎಂದು ತಿಳಿಯುತ್ತದೆ. ತಿಂಗಳು ಬದಲಿಸಬೇಡಿ, ವರ್ಷದಿಂದ ವರ್ಷಕ್ಕೆ ಹೋಲಿಸಲಾಗದು. ಜೂನ್ 1ರಿಂದ ಜುಲೈ 31ರವರೆಗಿನ ಮೀನುಗಾರಿಕೆ ನಿಷೇಧ ಇದೆಯಲ್ಲ ಎನ್ನುವವರಿಗೆ: ಅದು ಕಡಲಿನ ಯಾಂತ್ರೀಕೃತ ದೋಣಿಗಳದು, ಅಳಿವೆಯಲ್ಲಿ ಕೈಯಿಂದ ಬಳಚು ತೆಗೆಯುವುದನ್ನು ಮುಟ್ಟುವುದಿಲ್ಲ.

ಚಿಪ್ಪಿನ ಗೆರೆ ನಂಬಬೇಡಿ. ಚಳಿದೇಶಗಳಲ್ಲಿ ಚಳಿಗಾಲಕ್ಕೊಂದು ಗೆರೆ ಬೀಳುತ್ತದೆ. ನಮ್ಮಲ್ಲಿ ಮಳೆನೀರಿಗೂ, ಬೀಜ ಬಿಡುವಾಗಲೂ, ಯಾರೋ ಅಗೆದು ಮತ್ತೆ ಎಸೆದಾಗಲೂ ಬೀಳಬಹುದು. ಬೆಳವಣಿಗೆ ಬೇಕಿದ್ದರೆ ತಿಂಗಳಿಗೊಮ್ಮೆ ಒಂದೇ ಜಾಗದಿಂದ 200 ಬಳಚಿನ ಉದ್ದ ಅಳೆದು, ಮರಿಗಳ ಗುಂಪು ತಿಂಗಳಿಂದ ತಿಂಗಳಿಗೆ ಎಷ್ಟು ಮಿಲಿಮೀಟರ್ ಮುಂದೆ ಸರಿಯಿತು ಎಂದು ನೋಡಿ.

ಸರ್ವೆ ಮುಗಿಯಿತು, 123 ಟನ್ ಎಂದು ಬಂತು ಎನ್ನೋಣ. ಅದರಿಂದ ಒಬ್ಬೊಬ್ಬರಿಗೆ ದಿನಕ್ಕೆ ಎಷ್ಟು ಎಂಬಲ್ಲಿಗೆ ಬರುವುದು ಹೇಗೆ?
— ಓದುಗರು, ಗೋಕರ್ಣ

ಎಷ್ಟು ಪಾಲು ತೆಗೆಯಬಹುದು ಎಂಬುದಕ್ಕೆ ಎಲ್ಲ ಜಾತಿಗೂ ಒಪ್ಪುವ ಒಂದು ಸಂಖ್ಯೆಯಿಲ್ಲ. ಇಂಗ್ಲೆಂಡಿನ ವಾಷ್ ಕೊಲ್ಲಿಯಲ್ಲಿ ಕಾಕಲ್ ಎಂಬ ಚಿಪ್ಪುಜೀವಿಗೆ ಪ್ರತಿವರ್ಷ ಗಣತಿ ಮಾಡಿ, 14 ಮಿಲಿಮೀಟರ್ ಅಗಲ ದಾಟಿದ ದಾಸ್ತಾನಿನ ಮೂರನೇ ಒಂದು ಪಾಲನ್ನು ಮಿತಿಯಾಗಿಡುವ ರೂಢಿಯಿದೆ. ಉಳಿದದ್ದು ಸಂತತಿಗೂ, ಅದನ್ನೇ ತಿಂದು ಬದುಕುವ ಕಡಲಹಕ್ಕಿಗಳಿಗೂ. ಬೆಳವಣಿಗೆಯ ಲೆಕ್ಕ ಕೈಗೆ ಬರುವವರೆಗೆ ಅಲ್ಲಿಂದಲೇ ಶುರುಮಾಡಬಹುದು.

123ರ ಮೂರನೇ ಒಂದು 41 ಟನ್. ಒಬ್ಬರು ದಿನಕ್ಕೆ 25 ಕೆಜಿ ತೆಗೆದರೆ 1,640 ಆಳುದಿನ. ಇಪ್ಪತ್ತು ಜನಕ್ಕೆ 82 ದಿನ, ನಲವತ್ತು ಜನಕ್ಕೆ 41 ದಿನ. ಜಗಳ ಶುರುವಾಗುವುದು ಇಲ್ಲಿಂದಲೇ, ಹಾಗಾಗಿ ಗಣತಿಗೆ ಇಳಿಯುವ ಮೊದಲೇ ಯಾರ್ಯಾರು ಎಂಬ ಪಟ್ಟಿ ಬರೆದು ಸಹಿ ಹಾಕಿಸಿಕೊಳ್ಳುವುದು ಕ್ಷೇಮ. ದೋಣಿ ದಡಕ್ಕೆ ಬರುವ ಒಂದೆರಡು ಕಡೆ ಮಾತ್ರ ತಕ್ಕಡಿ ಇಟ್ಟು ದಿನದ ಒಟ್ಟನ್ನು ಹಲಗೆಯ ಮೇಲೆ ಬರೆಯಿರಿ. 30 ಟನ್ ಮುಟ್ಟಿದ ದಿನ ನಿಲ್ಲಿಸಿ, ದಟ್ಟ ಜಾಗದಲ್ಲಿ 30 ಬಿಂದು ಮತ್ತೆ ಅಗೆದು ನೋಡಿ. ಶುರುವಿನಲ್ಲಿದ್ದ ತೂಕದ ಅರ್ಧಕ್ಕಿಂತ ಕಡಿಮೆ ಬಂದರೆ ಉಳಿದ 11 ಟನ್ ಅನ್ನು ಆ ವರ್ಷ ಮುಟ್ಟಬೇಡಿ. ಆ 30 ಬಿಂದುವಿನಲ್ಲಿ ಬಂದ ಸೊನ್ನೆಗಳನ್ನೂ ಹಲಗೆಯ ಮೇಲೆ ಎಲ್ಲರಿಗೂ ಕಾಣುವ ಹಾಗೆ ಬರೆಯಿರಿ.